ಆರಗದ ಬೆಂಚು, ಮಿರಜದ ಸರ್ವರ್

ಎಂಟರ್ ಒತ್ತಿದ ಮೇಲೆ ಅವರು ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಂಕ್ತಿಗೆ ಬಡಿಸಿದವರು, ಉಣ್ಣುವವರು ಕೈ ಹಾಕಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರಲ್ಲ, ಹಾಗೆ. ಪರದೆಯ ಮೇಲೆ ಏನೂ ಆಗುತ್ತಿರಲಿಲ್ಲ. ಅವರು ಕಾಯುತ್ತಿದ್ದರು. ಇಷ್ಟು ನನಗೆ ಖಚಿತವಾಗಿ ನೆನಪಿದೆ. ಉಳಿದದ್ದರ ಬಗ್ಗೆ ನನಗೆ ನನ್ನ ಮೇಲೇ ಅಷ್ಟು ನಂಬಿಕೆಯಿಲ್ಲ.

ಹೋದ ತಿಂಗಳು ಅವರು ಮಿರಜದ ಹತ್ತಿರದ ತಮ್ಮ ಊರು ಆರಗದಲ್ಲಿ ತೀರಿಕೊಂಡರೆಂದು ವಿಶಾಲ ಫೋನ್ ಮಾಡಿ ಹೇಳಿದ. ನಾವು ಮೂವರೂ ಕೆಲವು ವರ್ಷ ಮಿರಜದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ, ಮೆಟ್ಟಿಲ ಕೆಳಗಿನ ಕಂಪ್ಯೂಟರ್ ಕೋಣೆಯಲ್ಲಿ, ಒಟ್ಟಿಗೆ ಕೆಲಸ ಮಾಡಿದವರು. ಫೋನು ಬಂದ ದಿನದಿಂದ ಅವರ ಬಗ್ಗೆ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ದಿನಾ ಡೈರಿ ಬರೆಯುವವಳಿಗೆ ಇದು ಸುಲಭವಾಗಬೇಕಿತ್ತು. ಹಳೆಯ ಡೈರಿ ತೆಗೆದು ನೋಡಿದರೆ, ನನಗೆ ಬೇಕಾದ ಆ ವಾರದಲ್ಲಿ ಬರೆದದ್ದು ಇಷ್ಟೇ: 'ಮಳೆ. ಸರ್ವರ್ ಕೆಲಸ. ಬೇಳೆ ತರಬೇಕು.' ಹಾಗಾಗಿ ಇದು ನನ್ನ ತಲೆಯಲ್ಲಿ ಉಳಿದದ್ದು ಮತ್ತು ವಿಶಾಲನ ತಲೆಯಲ್ಲಿ ಉಳಿದದ್ದು. ಎರಡೂ ಎಲ್ಲ ಕಡೆ ಕೂಡುವುದಿಲ್ಲ. ಕೂಡದಿರುವ ಕಡೆ ಹಾಗೆಂದು ಹೇಳುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಲ್ಯಾಬಿನವರೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಧಾರವಾಡದಲ್ಲಿ ಎಂಸಿಎ ಓದಿ, ಮದುವೆಯಾಗಿ ಸಾಂಗಲಿಗೆ ಬಂದವಳು. ನಾನು ನಮ್ಮ ಕಡೆಯಂತೆ ಅಕ್ಕಾರ, ಅಂದರೆ ಅಕ್ಕಾವರು, ಎನ್ನುತ್ತಿದ್ದೆ. ಕನ್ನಡ ಆಡಲು ಒಬ್ಬಳು ಸಿಕ್ಕಳೆಂದು ಅವರಿಗೆ ಮೊದಲ ದಿನವೇ ಖುಷಿಯಾಗಿತ್ತು. ಆರಗದ ಜೈನ ಮನೆತನ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. "ನನ್ನ ಮಗಳಿಗೆ ಕನ್ನಡದಾಗ ಬೈದ್ರ ಎಲ್ಲಾ ತಿಳೀತದ," ಎನ್ನುತ್ತಿದ್ದರು. "ಹೊಳ್ಳಿ ಬೈಯೂದು ಮಾತ್ರ ಮರಾಠಿ ಒಳಗ."

ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಕಾರ್ಯಕ್ರಮಗಳಿರುತ್ತವೆ. ಕಿಟಕಿ ತೆರೆಯುತ್ತವೆ, ಗುಂಡಿ ತೋರಿಸುತ್ತವೆ. ಹಿಂದೆ ಸದ್ದಿಲ್ಲದೆ ಓಡುವ ಬೇರೆ ಕಾರ್ಯಕ್ರಮಗಳೂ ಇರುತ್ತವೆ. ನಾವು ಅವನ್ನು ಸರ್ವಿಸ್ ಎನ್ನುತ್ತೇವೆ. ತಪಾಸಣೆ ಯಂತ್ರದಿಂದ ಅಂಕಿ ತಂದು ರೋಗಿಯ ಹೆಸರಿಗೆ ಕೂಡಿಸುವುದು ಒಂದು, ಮುದ್ರಿಸುವುದು ಒಂದು, ಮೊಬೈಲಿಗೆ ಸಂದೇಶ ಕಳಿಸುವುದು ಇನ್ನೊಂದು. ಇವುಗಳಿಗೆ ಮುಖವಿಲ್ಲ. ಕಪ್ಪು ಪರದೆಯ ಮೇಲೆ ಹೆಸರು ಹಿಡಿದು ಆಜ್ಞೆ ಬರೆಯಬೇಕು: ಸ್ಟಾರ್ಟ್, ಸ್ಟಾಪ್, ಸ್ಟೇಟಸ್. ಅಕ್ಕಾರ ಇವನ್ನು 'ಹಿತ್ತಲ ಮಂದಿ' ಎಂದು ಕರೆಯುತ್ತಿದ್ದರು. "ಮುಂಚಿ ಬಾಗಲದಾಗ ನಿಂತಾವ್ರಿಗೆ ಎಲ್ಲಾರೂ ನಮಸ್ಕಾರ ಮಾಡ್ತಾರ. ನಮ್ಮ ಕೆಲಸ ಹಿತ್ತಲ ಮಂದೀದು, ತಂಗಿ."

ಒಂದು ಸರ್ವಿಸನ್ನು ನಿಲ್ಲಿಸಲು ಎರಡು ದಾರಿ. ಸ್ಟಾಪ್ ಎಂದರೆ ಅದಕ್ಕೊಂದು ಸೂಚನೆ ಹೋಗುತ್ತದೆ. ಅದು ಬರೆಯುತ್ತಿದ್ದ ಕಡತ ಮುಚ್ಚಿ, ತಾನಾಗಿ ನಿಲ್ಲುತ್ತದೆ. ಅದಕ್ಕೆ ಹೊತ್ತು ಹಿಡಿಯಬಹುದು. ಕಿಲ್ ಎಂದರೆ ಅಲ್ಲಿಗೇ ಮುಗಿಯಿತು. ಹೊಸ ಸಾಫ್ಟ್‌ವೇರ್ ಕೂಡಿಸಲು ಬಂದಿದ್ದ ಸಾಂಗಲಿಯ ವಿಶಾಲನ ಕೈ ಯಾವಾಗಲೂ ಎರಡನೆಯದಕ್ಕೇ ಹೋಗುತ್ತಿತ್ತು. ಅಜ್ಜಿಯಿಂದಾಗಿ ಅವನಿಗೆ ಕನ್ನಡ ಅರ್ಥವಾಗುತ್ತಿತ್ತು. ಆಡುವುದು ಮರಾಠಿ.

"ಮಾವಶಿ, ತುಮಚ್ಯಾ ಧರ್ಮಾತ ಕಿಲ್ ಚಾಲತ ನಾಹಿ ಕಾ?" ಎಂದು ಒಮ್ಮೆ ಕೆಣಕಿದ, ನಿಮ್ಮ ಧರ್ಮದಲ್ಲಿ ಕೊಲ್ಲುವುದು ನಡೆಯುವುದಿಲ್ಲವೇ ಎಂದು.

"ಧರ್ಮ ಹಂಗ ಇರ್ಲಿ," ಎಂದರು ಅಕ್ಕಾರ. "ಸ್ಟಾಪ್ ಅಂದ್ರ, ಕೈಯಾಗಿಂದ ಮುಗಿಸಿ ಏಳ್ರಿ ಅಂತ ಹೇಳೂದು. ಕಿಲ್ ಅಂದ್ರ ಉಣ್ಣಾವ್ರ ತಾಟ ಕಸಗೊಂಡು ಎಬ್ಬಸೂದು. ಅರ್ಧಾ ಬರದ ಫೈಲ್ ಆಮ್ಯಾಲ ನಿಮ್ಮಪ್ಪ ಬಂದು ಪೂರಾ ಮಾಡ್ತಾನೇನ?"

ಅವರನ್ನು ಸಾಧ್ವಿಯನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಕೈ ಆ ಕಡೆ ಜಾರುತ್ತದೆ. ಒಂದು ಬೆಳಗ್ಗೆ ಮುದ್ರಿಸುವ ಸರ್ವಿಸ್ ಸಿಕ್ಕಿಹಾಕಿಕೊಂಡು, ಕೌಂಟರಿನ ಮುಂದೆ ಉಪವಾಸ ಬಂದ ಜನ ರೇಗುತ್ತಿದ್ದಾಗ, ಅವರೇ ಕಿಲ್ ಬರೆದು ಎಂಟರ್ ಒತ್ತಿದ್ದನ್ನು ನೋಡಿದ್ದೇನೆ. ಕಣ್ಣು ಮಿಟುಕಿಸಲಿಲ್ಲ. "ಕೇಳೂದು ಕೇಳಿದೆ. ಏಳಲಿಲ್ಲ," ಎಂದರು, ಅಷ್ಟೇ.

ಅವರು ಒಪ್ಪದಿದ್ದ ಒಂದು ಸಂಗತಿ ಇತ್ತು. ಕಪ್ಪು ಪರದೆಯಲ್ಲಿ ಆಜ್ಞೆ ಸರಿಯಾಗಿ ನಡೆದರೆ ಯಂತ್ರ ಏನೂ ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಸುಮ್ಮನೆ ಕಾಯುತ್ತದೆ. ತಪ್ಪಾದರೆ ಮಾತ್ರ ಮಾತಾಡುತ್ತದೆ. ಮೌನವೆಂದರೆ ಎಲ್ಲ ಸರಿಯಾಗಿದೆ ಎಂದು ನಾವು ಕಾಲೇಜಿನಲ್ಲಿ ಕಲಿತಿದ್ದೆವು. ನಾನು ಹಾಗೆ ಹೇಳಿದ್ದಕ್ಕೆ ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಸುಮ್ಮನಿದ್ರ ಆಗೇದ ಅಂತ ಯಾರ ಹೇಳಿದ್ರು ನಿನಗ? ನಮ್ಮ ಮನ್ಯಾಗ ನಮ್ಮ ಅತ್ತಿ ಸುಮ್ಮನ ಕುಂತ್ರ ಏನೋ ಆಗೇದ ಅಂತ ಅರ್ಥ. ಸ್ಟೇಟಸ್ ಕೇಳ."

ಪ್ರತಿಸಲವೂ ಕೇಳಬೇಕಿತ್ತು. ನಿಲ್ಲಿಸಿದ ಮೇಲೆ ಸ್ಟೇಟಸ್, ಚಾಲೂ ಮಾಡಿದ ಮೇಲೆ ಸ್ಟೇಟಸ್. ಅದಕ್ಕೂ ಮೊದಲು, ಆ ಸರ್ವಿಸನ್ನು ಬಳಸುವವರ ಬಳಿ ನಡೆದುಹೋಗಿ, ಈಗ ನಿಲ್ಲಿಸುತ್ತೇವೆ ಎಂದು ಹೇಳಿ ಬರಬೇಕಿತ್ತು. ಫೋನು ಮಾಡಿದರೆ ಸಾಲದು. ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿ ಊಟ ಮುಗಿಸುವವರಾದ್ದರಿಂದ, ದೊಡ್ಡ ಕೆಲಸಗಳನ್ನೆಲ್ಲ ಅವರು ಕೌಂಟರ್ ತೆರೆಯುವ ಮುಂಚೆ, ಬೆಳಗಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಭಾದ್ರಪದದಲ್ಲಿ ಅವರ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಪ್ರತಿ ಕೌಂಟರಿಗೂ ಹೋಗಿ ಕೈ ಮುಗಿಯುತ್ತಿದ್ದರು. 'ಉತ್ತಮ ಕ್ಷಮಾ' ಎನ್ನುವುದು ಎಲ್ಲ ಜೈನರ ಮಾತು. "ವರ್ಷದಾಗ ನಿಮಗ ಹೇಳದ ಏನರ ಬಂದ್ ಮಾಡಿದ್ರ ಕ್ಷಮಾ ಮಾಡ್ರಿ" ಎನ್ನುವುದು ಅವರದೇ ಸೇರ್ಪಡೆ. ಕೌಂಟರಿನ ಹುಡುಗಿಯರು ಕಿಸಿಕಿಸಿ ನಕ್ಕು, ಕ್ಷಮೆ ಆಮೇಲೆ, ಪೇಢೆ ಎಲ್ಲಿ ಎಂದು ಕೇಳುತ್ತಿದ್ದರು.

ಈಗ ಆ ವಾರ.

ಹಳೆಯ ಸರ್ವರಿನಲ್ಲಿದ್ದ ಸರ್ವಿಸುಗಳನ್ನೆಲ್ಲ ಒಂದೊಂದಾಗಿ ಹೊಸದಕ್ಕೆ ಸಾಗಿಸಿ ಆಗಿತ್ತು. ಒಂದು ಉಳಿಯಿತು. ಅದಕ್ಕೆ ಹೆಸರೆಂದರೆ ಅರ್ಥವಿಲ್ಲದ ಕೆಲವು ಅಕ್ಷರಗಳು. ವಿವರ ಬರೆಯುವ ಸಾಲು ಖಾಲಿ. ಅದು ದಿನಾ ಬೆಳಗ್ಗೆ ಎದ್ದು, ಕೆಲವು ರಿಪೋರ್ಟುಗಳನ್ನು ಆರಿಸಿ, ಬಿಚ್ಚಲು ಬಾರದ ಗಂಟು ಕಟ್ಟಿ ಹೊರಗೆಲ್ಲಿಗೋ ಕಳಿಸಿ ಮತ್ತೆ ಮಲಗುತ್ತಿತ್ತು. ಯಾರ ರಿಪೋರ್ಟು, ಎಲ್ಲಿಗೆ ಹೋಗುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬರೆದ ಸಣ್ಣ ಕಂಪನಿ ಕುಪವಾಡದ ಕೈಗಾರಿಕಾ ಪ್ರದೇಶದಲ್ಲಿತ್ತು. ನನ್ನ ಸ್ಕೂಟರಿನ ಹಿಂದೆ ಕೂತು ಅಕ್ಕಾರ ಅಲ್ಲಿಗೂ ಬಂದರು. ಕಂಪನಿಯ ಜಾಗದಲ್ಲಿ ಲೇಥ್ ತಿರುಗುತ್ತಿತ್ತು. ಎಣ್ಣೆಗೈ ಒರೆಸುತ್ತ ಬಂದವನು, ಆ ಕಂಪ್ಯೂಟರಿನವರು ಪುಣೆಗೆ ಹೋದರೋ ಎಲ್ಲಿ ಹೋದರೋ ಎಂದ. ಬೋಲ್ಟ್ ಬೇಕಿದ್ದರೆ ಹೇಳಿ ಎಂದೂ ಅಂದ. ಅಕ್ಕಾರ ಮಿರಜದ, ಸಾಂಗಲಿಯ ಪರಿಚಯದ ಡಾಕ್ಟರುಗಳನ್ನೆಲ್ಲ ಕೇಳಿದರು. ನಮ್ಮದಲ್ಲ ಎಂದರು ಎಲ್ಲರೂ.

ಹಳೆಯ ಯಂತ್ರವಿದ್ದ ಕೋಣೆಯ ಗೋಡೆ ಒಡೆಯುವುದಿತ್ತು. ಮ್ಯಾನೇಜರು ಶನಿವಾರದ ಗಡುವು ಕೊಟ್ಟಿದ್ದರು. ವಿಶಾಲನಿಗೆ ಇದೊಂದು ಸಮಸ್ಯೆಯೇ ಅಲ್ಲ.

"ಬಂದ ಕರೂಯಾ, ಮಾವಶಿ. ಕೋಣ ಓರಡತಂಯ ಬಘೂ." ನಿಲ್ಲಿಸಿಬಿಡೋಣ, ಯಾರು ಒದರುತ್ತಾರೋ ನೋಡೋಣ. ಅವನು ಬೇಜವಾಬ್ದಾರಿಯಿಂದ ಆಡಿದ ಮಾತಲ್ಲ ಇದು. ನಮ್ಮ ವೃತ್ತಿಯಲ್ಲಿ ಎಲ್ಲೆಲ್ಲೂ ನಡೆಯುವ ಪದ್ಧತಿ. ಯಾರದೆಂದು ತಿಳಿಯದ್ದನ್ನು ನಿಲ್ಲಿಸುವುದು. ಬೇಕಾದವನು ಕೂಗಿಕೊಂಡು ಬರುತ್ತಾನೆ.

"ಒದರಾವ್ರು ಒದರತಾರ," ಎಂದರು ಅಕ್ಕಾರ. "ಒದರಲಾರದಾವ್ರು?"

"ಮಗ ಫೋನ ತರೀ ಕರತೀಲ ಕೀ." ಫೋನಾದರೂ ಮಾಡುತ್ತಾರಲ್ಲ ಎಂದ ಅವನು.

ಅವರು ಮತ್ತೆ ವಾದಿಸಲಿಲ್ಲ. ಶನಿವಾರದ ತನಕ ಹುಡುಕಿದರು, ಸಿಗಲಿಲ್ಲ. ಮ್ಯಾನೇಜರ ಬಳಿ ಹೋಗಿ, ಸರ್ವಿಸ್ ನಿಲ್ಲಿಸುತ್ತೇನೆ, ಆದರೆ ಯಂತ್ರವನ್ನು ಇನ್ನೊಂದು ವಾರ ಎತ್ತಬೇಡಿ ಎಂದು ಕೇಳಿ ಒಪ್ಪಿಸಿ ಬಂದರು. ನಿಲ್ಲಿಸುವುದನ್ನು ನಾನೇ ಮಾಡುತ್ತೇನೆ ಎಂದರು.

ಇಲ್ಲಿ ನಮ್ಮಿಬ್ಬರ ನೆನಪು ಬೇರೆಯಾಗುತ್ತದೆ. ಅಕ್ಕಾರ ಬರೆದು, ಅಕ್ಕಾರ ಎಂಟರ್ ಒತ್ತಿ, ಕೈಗಳನ್ನು ಮಡಿಲಿಗೆ ತೆಗೆದುಕೊಂಡದ್ದು ನನ್ನ ಕಣ್ಣ ಮುಂದಿದೆ. ವಿಶಾಲನ ಪ್ರಕಾರ ಅವರು ಬರೆದು ಸುಮ್ಮನೆ ಕೂತರು. ಎಂಟರ್ ಒತ್ತಿದವನು ಅವನು. ನಾನು ಕಂಡದ್ದು ಬೇರೆ ಯಾವುದೋ ದಿನದ ಕೈಗಳೂ ಇರಬಹುದು.

ಸೋಮವಾರ ಅವರು ಕಂಪ್ಯೂಟರ್ ಕೋಣೆಯ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಡಬ್ಬಿಯನ್ನೂ ಅಲ್ಲೇ ಬಿಚ್ಚಿದರು. ಫೋನು ಬರಲಿಲ್ಲ. ಸಂಜೆ ವಿಶಾಲ ಬಾಗಿಲಲ್ಲಿ ತಲೆ ಹಾಕಿ, "ಕಾಯ ಮಾವಶಿ, ಓರಡಲಂ ಕಾ ಕೋಣೀ?" ಎಂದ. ಯಾರಾದರೂ ಒದರಿದರೇ ಎಂದು. ಅವರು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಮಂಗಳವಾರ ಅವರು ದಿನದ ಬಸ್ಸಿಗೆ ಬರಲಿಲ್ಲ. ಫೋನು ಬಂತು.

"ತಂಗಿ, ಚಾಲೂ ಮಾಡ ಅದನ್ನ."

"ಯಾವುದನ್ರಿ?"

"ಯಾವುದಂತ ಕೇಳಬ್ಯಾಡ, ಮದಲ ಚಾಲೂ ಮಾಡ."

ಬರೆದೆ. ಎಂಟರ್ ಒತ್ತಿದೆ. ಪರದೆ ಏನೂ ಹೇಳಲಿಲ್ಲ. "ಆತ್ರಿ," ಎಂದೆ.

"ಸ್ಟೇಟಸ್ ನೋಡ."

"ಓಡಾಕತ್ತೇದ್ರಿ."

ಆಗ ಆ ತುದಿಯಿಂದ ಹಳೆಯ ಪಿನ್ ಪ್ರಿಂಟರಿನ ಕರ್‌ ಕರ್ ಸದ್ದು ಬಂತು. ಒಂದು ಸಾಲು, ಹಿಂದಕ್ಕೆ, ಇನ್ನೊಂದು ಸಾಲು. ನಾವಿಬ್ಬರೂ ಆ ಸದ್ದು ಕೇಳುತ್ತ ಫೋನು ಹಿಡಿದಿದ್ದೆವು.

ಹಾಗಾಗಿರಲು ಸಾಧ್ಯವೇ ಇಲ್ಲ ಎನ್ನುತ್ತಾನೆ ವಿಶಾಲ. ಆ ಪ್ರಿಂಟರ್ ಇದ್ದ ಕಟ್ಟಡದೊಳಗೆ ಮೊಬೈಲಿಗೆ ರೇಂಜೇ ಇರಲಿಲ್ಲವಂತೆ. ಅವರು ಹೊರಗೆ ರಸ್ತೆಯಲ್ಲಿ ನಿಂತು ಮಾತಾಡಿರಬೇಕು. ಅವನು ಹೇಳುವುದೇ ಸರಿ ಇರಬಹುದು. ನನಗೆ ಮಾತ್ರ ಆ ಸದ್ದು ಈಗಲೂ ಕೇಳುತ್ತದೆ. ಅಕ್ಕಾರ ಆಮೇಲೆ ಹೇಳಿದ್ದನ್ನು ನಾನು ಕೇಳಿದ್ದೆಂದು ಮಾಡಿಕೊಂಡೆನೋ ಏನೋ.

ಅವರು ಹೇಳಿದ್ದು ಹೀಗೆ. ಆರಗದಲ್ಲಿ ಅವರು ಮಿರಜದ ಬಸ್ಸಿಗೆ ಕಾಯುತ್ತಿದ್ದುದು ಊರ ದವಾಖಾನೆಯ ಗೋಡೆಯ ಪಕ್ಕ. ವರ್ಷಗಟ್ಟಲೆ ಅಲ್ಲೇ ನಿಂತಿದ್ದಾರೆ. ಆ ಮಂಗಳವಾರ ನಿಂತಾಗ ಏನೋ ಮರೆತು ಬಂದಂತೆ ಅನ್ನಿಸಿತು. ಡಬ್ಬಿ ಮರೆತೆನೇ ಎಂದು ಚೀಲ ನೋಡಿದರು, ಡಬ್ಬಿ ಇತ್ತು. ಕೊಡೆ ಇತ್ತು, ಕನ್ನಡಕ ಇತ್ತು. ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ ತೆಗೆದರು. ಕಂಡಕ್ಟರ್, "ಬಾಯಿ, ಯೇತಾಯ ಕೀ ನಾಹಿ?" ಎಂದು ರೇಗಿದ, ಬರುತ್ತೀರೋ ಇಲ್ಲವೋ ಎಂದು. ಬಸ್ಸು ಹೋಯಿತು. ಬಸ್ಸಿನ ಸದ್ದು ದೂರವಾದ ಮೇಲೆ ಅವರಿಗೆ ಹೊಳೆಯಿತು: ದವಾಖಾನೆಯ ಕಿಟಕಿಯಿಂದ ದಿನಾ ಈ ಹೊತ್ತಿಗೆ ಒಂದು ಪ್ರಿಂಟರಿನ ಸದ್ದು ಬರುತ್ತಿತ್ತು. ಇವತ್ತು ಇಲ್ಲ. ಅದು ದಿನಾ ಬರುತ್ತಿತ್ತೆಂಬುದೂ ಅವರಿಗೆ ಗೊತ್ತಾದದ್ದು ಆಗಲೇ.

ಒಳಗೆ ಹೋದರು. ಬೆಂಚಿನ ಮೇಲೆ ವಯಸ್ಸಾದವರು ಸಾಲಾಗಿ ಕೂತಿದ್ದರು. ಹೃದಯದ ಆಪರೇಷನ್ ಆಗಿ ರಕ್ತ ತೆಳುವಾಗುವ ಗುಳಿಗೆ ನುಂಗುವವರು. ಎಷ್ಟು ನುಂಗಬೇಕೆಂಬುದು ರಕ್ತ ತಪಾಸಣೆಯ ಅಂಕಿ ನೋಡಿ ತೀರ್ಮಾನವಾಗುತ್ತದೆ. ಹೆಚ್ಚಾದರೆ ಒಳಗೇ ರಕ್ತ ಸೋರುತ್ತದೆ. ಅವರ ರಕ್ತದ ಶೀಶೆಗಳು ಹಾಲಿನ ಗಾಡಿಯಲ್ಲಿ ಮಿರಜಕ್ಕೆ ಬಂದು, ಅಂಕಿಗಳು ಮರುದಿನ ಈ ಪ್ರಿಂಟರಿಗೆ ಹೋಗುತ್ತಿದ್ದವು. ಮಿರಜ, ಸಾಂಗಲಿ, ಕುಪವಾಡ ಎಲ್ಲ ಕಡೆ ವಿಚಾರಿಸಿದ ಅಕ್ಕಾರ ತಮ್ಮ ಊರಿನಲ್ಲಿ ಮಾತ್ರ ಕೇಳಿರಲಿಲ್ಲ. ಊರೆಂದರೆ ಅವರಿಗೆ ಬಸ್ಸು ಹತ್ತುವ ಜಾಗ, ಇಳಿಯುವ ಜಾಗ. ಇಲ್ಲಿಗೆ ರಿಪೋರ್ಟನ್ನು ಯಾರೋ ಕೈಯಲ್ಲಿ ತರುತ್ತಾರೆಂದುಕೊಂಡಿದ್ದರು.

"ಯಾಕ ಕುಂತೀರಿ ಎಲ್ಲಾರು?" ಎಂದು ಕೇಳಿದರಂತೆ.

"ಚೀಟಿ ಬಂದಿಲ್ಲವಾ ಮಿರಜದಿಂದ. ನಿನ್ನೆನೂ ಬರಲಿಲ್ಲ," ಎಂದರು ಕಂಪೌಂಡರ ಕಾಕಾ.

"ಫೋನ ಮಾಡಬೇಕಿಲ್ಲರಿ, ಕಾಕಾ?"

"ಮಾಡೇನಿ. ಕೌಂಟರದಾಕಿ ಪಾಠವಲಂಯ ಅಂದ್ಳು. ಕಳಸೇವಿ ಅಂದಮ್ಯಾಲ ಬರತದ ಅಂತ ಕುಂತೇವಿ."

ಹೊಸ ಸಾಫ್ಟ್‌ವೇರಿನಲ್ಲಿ ಆ ರಿಪೋರ್ಟುಗಳ ಮುಂದೆ 'ಕಳಿಸಲಾಗಿದೆ' ಎಂದೇ ಇತ್ತು. ಕೌಂಟರಿನ ಹುಡುಗಿ ಕಂಡದ್ದನ್ನು ಹೇಳಿದ್ದಳು. ಅಕ್ಕಾರ ಕಾವಲು ಕೂತಿದ್ದ ಫೋನು ಬೇರೆ, ಕಾಕಾ ಮಾಡಿದ ಫೋನು ಬೇರೆ. ಬೆಂಚಿನ ತುದಿಯಲ್ಲಿದ್ದ ಮುದುಕಿ ಅಕ್ಕಾರಿಗೇ ಸಮಾಧಾನ ಹೇಳಿದಳಂತೆ: "ದೊಡ್ಡ ಮಷೀನ ಇರ್ತಾವ, ಏನರ ಆಗಿರ್ತದ. ನಾವ ಯಾಕ ಗದ್ದಲ ಮಾಡೂನು, ಕುಂದ್ರತೇವಿ ತಗೋ."

ಪ್ರಿಂಟರ್ ಓಡಿದಾಗ ಎರಡೂ ದಿನದ ಚೀಟಿಗಳು ಒಟ್ಟಿಗೆ ಬಂದವು. ಆ ಮುದುಕಿಯದರಲ್ಲಿ ಅಂಕಿ ಎಷ್ಟೋ ಮೇಲಿತ್ತು. ಚೀಟಿ ಬರಲಿಲ್ಲವೆಂದು ಅವಳು ಹಳೆಯ ಲೆಕ್ಕದಲ್ಲೇ ಗುಳಿಗೆ ನುಂಗುತ್ತಿದ್ದಳು. ಸೆರಗು ಸರಿಸಿದರೆ ಮುಂಗೈ ತುಂಬ ನೀಲಿ ಕಲೆ. ಕಾಕಾ ಗುಳಿಗೆ ನಿಲ್ಲಿಸಿದರು. ಅಕ್ಕಾರ ಅವಳನ್ನು ಮುಂದಿನ ಬಸ್ಸಿನಲ್ಲಿ ಮಿರಜಕ್ಕೆ ಕರೆತಂದು ಆಸ್ಪತ್ರೆಗೆ ಸೇರಿಸಿ, ಮಾಲಗಾಂವದಲ್ಲಿ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದ ಮಗ ಬರುವ ತನಕ ಪಕ್ಕದಲ್ಲೇ ಕೂತಿದ್ದರು. ಅವತ್ತು ಹೊತ್ತು ಮುಳುಗಿದ್ದರಿಂದ ಅವರು ಉಣ್ಣಲಿಲ್ಲ. ಮುದುಕಿ ಬದುಕಿ ಊರಿಗೆ ಹೋದಳು. ಒಂದು ವಾರದಲ್ಲಿ ಎಂದು ನನ್ನ ನೆನಪು. ಇನ್ನೂ ಹೆಚ್ಚು ದಿನ ಇದ್ದಳು ಎನ್ನುತ್ತಾನೆ ವಿಶಾಲ.

ಅಕ್ಕಾರ ಯಾರನ್ನೂ ಬೈಯಲಿಲ್ಲ. ಒಂದೇ ಮಾತನ್ನು ಹೊರಳಿಸಿ ಹೊರಳಿಸಿ ಆಡುತ್ತಿದ್ದರು. "ಸೋಮವಾರನೂ ಅಲ್ಲೇ ನಿಂತಿದ್ದೆ. ಸೋಮವಾರನೂ ಸುಮ್ಮಕ ಇತ್ತು. ನನಗ ಗೊತ್ತಾಗಲಿಲ್ಲ, ನೋಡ."

ಹಳೆಯ ಯಂತ್ರ ಕೌಂಟರಿನ ಕೆಳಗೆ ಹೋಗಿ ಕೂತು, ಹೊಸ ಸರ್ವಿಸ್ ತಯಾರಾಗುವ ತನಕ ಓಡಿತು. ಅದನ್ನು ಬರೆದವನು ವಿಶಾಲ. ಅಕ್ಕಾರ ಪಕ್ಕದಲ್ಲಿ ಕೂತು ಎರಡು ಸಂಗತಿ ಕೇಳಿದರು. ಆರಗದ ಪ್ರಿಂಟರ್ ತೆಗೆಯಬಾರದು. ಮೊಬೈಲಿಗೆ ಬಂದ ಅಂಕಿಯನ್ನು ಆ ಬೆಂಚಿನವರು ನಂಬುವುದಿಲ್ಲ. ಇನ್ನೊಂದು, ಪ್ರತಿ ಸರ್ವಿಸಿಗೂ ಇರುವ ವಿವರದ ಸಾಲು. ಸ್ಟೇಟಸ್ ಕೇಳಿದಾಗ ಮೇಲುಗಡೆ ಕಾಣುವುದು ಅದೇ. ನಾವೆಲ್ಲ ಅಲ್ಲಿ ಕಾರ್ಯಕ್ರಮದ ಹೆಸರನ್ನೇ ಇನ್ನೊಮ್ಮೆ ಬರೆದು ಕೈತೊಳೆದುಕೊಳ್ಳುತ್ತೇವೆ. ಆ ತುದಿಯಲ್ಲಿ ಯಾರಿದ್ದಾರೋ ಅವರನ್ನು ಬರೆ ಎಂದರು. ತಾವೇ ಕನ್ನಡದಲ್ಲಿ ಹೇಳಿದರು. ಅವನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ.

"ಕಾನಡೀತ?" ಎಂದ ವಿಶಾಲ. "ಪುಢಂ ಕುಣಾಲಾ ಕಳಣಾರ?" ಕನ್ನಡದಲ್ಲಾ, ಮುಂದೆ ಯಾರಿಗೆ ತಿಳಿಯುತ್ತದೆ ಎಂದು.

"ತಿಳೀಬಾರದು. ನಿಲ್ಲಸೂಕಿಂತ ಮದಲ ಓದಾಕ ತ್ರಾಸ ಆಗಬೇಕು. ತ್ರಾಸ ಆದ್ರ ಯಾರನ್ನರ ಕೇಳತಾರ."

ಆ ವರ್ಷದ ಕ್ಷಮಾವಣಿಗೆ ಅವರು ಮೊದಲು ಆರಗದ ಬೆಂಚಿನ ಮುಂದೆ ಕೈ ಮುಗಿದು ಆಮೇಲೆ ಬಸ್ಸು ಹತ್ತಿದರಂತೆ. ಲ್ಯಾಬಿಗೆ ಬಂದು ಕೌಂಟರಿನ ಹುಡುಗಿಗೆ ಕೈ ಮುಗಿದರು. ಅವಳು ಈ ಸಲ ಪೇಢೆ ಕೇಳಲಿಲ್ಲ. ನನ್ನ ಬಳಿ ಬಂದಾಗ, ನನಗೇಕೆ ಎಂದೆ. "ಅವತ್ತ ಫೋನದಾಗ ಬಿರಸ ಮಾತಾಡೇನಿ," ಎಂದರು. ವಿಶಾಲ ಕುರ್ಚಿಯಿಂದ ಎದ್ದು ನಿಂತ.

"ಮಾವಶಿ, ಕ್ಷಮಾ ಮೀಚ ಮಾಗಾಯಲಾ ಪಾಹಿಜೆ," ಎಂದ. ಕ್ಷಮೆ ಕೇಳಬೇಕಾದವನು ನಾನು ಎಂದು.

"ಮಗ ಮಾಗ ಕೀ," ಎಂದರು ಅಕ್ಕಾರ. ಹಾಗಾದರೆ ಕೇಳು.

ಅವನು ಕೇಳಿದ. ನಗುತ್ತಲೇ ಬಗ್ಗಿದ್ದ, ಮೇಲೇಳುವಾಗ ನಗುತ್ತಿರಲಿಲ್ಲ. ಇದರ ಬಗ್ಗೆ ನಮ್ಮಿಬ್ಬರ ನೆನಪಿನಲ್ಲಿ ವ್ಯತ್ಯಾಸವಿಲ್ಲ.

ಮರುವರ್ಷ ಅವರು ನಿವೃತ್ತರಾದರು. ನಾನು ಹುಬ್ಬಳ್ಳಿಗೆ ಬಂದೆ. ಅವರು ಇಲ್ಲ ಎಂದು ಹೇಳಲು ಫೋನ್ ಮಾಡಿದ ವಿಶಾಲ ಈಗಲೂ ಅದೇ ಲ್ಯಾಬನ್ನು ನೋಡಿಕೊಳ್ಳುತ್ತಾನೆ. ಅವನು ಸುದ್ದಿ ಹೇಳಿ ಮುಗಿಸಿದ. ಆ ಸರ್ವಿಸ್ ಇನ್ನೂ ಇದೆಯೇ ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದ. ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು. ಆಮೇಲೆ ಅವನು ಪರದೆ ನೋಡಿಕೊಂಡು, ಒಂದೊಂದೇ ಅಕ್ಷರ ಕೂಡ್ರಿಸುತ್ತ, ನಾನು ಎಂದೂ ಅವನ ಬಾಯಲ್ಲಿ ಕೇಳಿರದ ಕನ್ನಡದಲ್ಲಿ ಓದಿದ.

"ಆರಗದ... ದವಾಖಾನ್ಯಾಗ... ಬೆಂಚಿನ ಮ್ಯಾಲೆ... ಕುಂತಾವ್ರು."

"ಸ್ಟೇಟಸ್?" ಎಂದೆ.

"ಚಾಲೂ ಆಹೆ," ಎಂದ.